ಮನೆಯ ಅಲಾರಂಗೆ ಸಿಮ್ ಡಯಲರ್ ಜೋಡಿಸುವ ಬಗೆ: ಮುಂಬೈ ಮನೆಗಳಿಗೊಂದು ಕೈಪಿಡಿ

ಮುಂಬೈ, ಠಾಣೆ, ಡೊಂಬಿವಲಿಗಳಲ್ಲಿರುವ ಕನ್ನಡಿಗರ ಮನೆಗಳಿಗೆ ವರ್ಷದಲ್ಲಿ ಎರಡು ಸಲವಾದರೂ ಹಲವು ದಿನಗಳ ಬೀಗ ಬೀಳುತ್ತದೆ. ಮೇ ತಿಂಗಳ ಶಾಲಾ ರಜೆಯಲ್ಲಿ ಒಮ್ಮೆ, ಚೌತಿಗೋ ನವರಾತ್ರಿಗೋ ಊರಿಗೆ ಹೋದಾಗ ಮತ್ತೊಮ್ಮೆ. ಈ ದಿನಗಳಿಗೆಂದೇ ಹಲವರು ಮನೆಯಲ್ಲಿ ಕಳ್ಳರ ಅಲಾರಂ ಹಾಕಿಸಿರುತ್ತಾರೆ. ಆದರೆ ಸೈರನ್ ಕೂಗುವುದು ಮನೆಯೊಳಗೆ. ಎದುರು ಮನೆಯವರೂ ಊರಿಗೆ ಹೋಗಿದ್ದರೆ ಅದನ್ನು ಕೇಳುವವರಿಲ್ಲ. ಕೆಳಗೆ ಕುಳಿತ ವಾಚ್‌ಮನ್‌ಗೆ ಕಾರುಗಳ ರಿವರ್ಸ್ ಹಾರ್ನು, ಬಾಗಿಲು ಸರಿಯಾಗಿ ಮುಚ್ಚದ ಲಿಫ್ಟಿನ ಕೂಗು, ಇವುಗಳ ನಡುವೆ ಅದೂ ಇನ್ನೊಂದು ಸದ್ದು ಅಷ್ಟೆ. ಅಲಾರಂ ಬಡಿದುಕೊಂಡ ಸಂಗತಿ ಊರಿನಲ್ಲಿರುವ ನಮಗೆ ತಲುಪಬೇಕಾದರೆ ಅದಕ್ಕೆ ತನ್ನದೇ ಆದ ಫೋನ್ ಬೇಕು. ಆ ಫೋನನ್ನೇ ಕಂಪನಿಗಳ ಕ್ಯಾಟಲಾಗ್‌ಗಳು ಸೆಲ್ಯುಲರ್ ಕಮ್ಯುನಿಕೇಟರ್ ಎನ್ನುತ್ತವೆ; ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಜಿಎಸ್‌ಎಂ ಡಯಲರ್ ಎಂದು ಕೇಳಿದರೆ ಬೇಗ ಸಿಗುತ್ತದೆ.

ಬಾಗಿಲಿನ ಮ್ಯಾಗ್ನೆಟ್ ಬೇರ್ಪಟ್ಟದ್ದನ್ನೋ ಕೋಣೆಯೊಳಗೆ ಯಾರೋ ನಡೆದಾಡಿದ್ದನ್ನೋ ಸೆನ್ಸರ್ ಗುರುತಿಸಿ ಕಂಟ್ರೋಲ್ ಪ್ಯಾನೆಲ್‌ಗೆ ತಿಳಿಸುತ್ತದೆ. ಪ್ಯಾನೆಲ್ ಸೈರನ್ ಕೂಗಿಸುವುದರ ಜೊತೆಗೆ ಡಯಲರ್‌ಗೂ ಸಂಕೇತ ಕೊಡುತ್ತದೆ. ಡಯಲರ್ ತನ್ನೊಳಗಿನ ಸಿಮ್‌ನಿಂದ ನಾವು ಮೊದಲೇ ತುಂಬಿಟ್ಟ ನಂಬರುಗಳಿಗೆ ಎಸ್‌ಎಂಎಸ್ ಕಳಿಸಿ, ಒಂದೊಂದಾಗಿ ಕರೆಯನ್ನೂ ಮಾಡುತ್ತದೆ. ಹಿಂದೆ ಇದೇ ಕೆಲಸವನ್ನು ಲ್ಯಾಂಡ್‌ಲೈನ್ ಮಾಡುತ್ತಿತ್ತು. ಆದರೆ ಅದರ ತಂತಿ ಬಿಲ್ಡಿಂಗಿನ ಮೆಟ್ಟಿಲ ಬದಿಯಲ್ಲೇ ಹಾದುಹೋಗುತ್ತಿದ್ದುದರಿಂದ, ಒಂದು ಕತ್ತರಿಯಿದ್ದವನು ಒಳಗೆ ಬರುವ ಮೊದಲೇ ಅದರ ಬಾಯಿ ಕಟ್ಟಬಹುದಾಗಿತ್ತು. ವೈಫೈಯ ತೊಂದರೆ ಬೇರೆ. ನಮ್ಮ ರೌಟರ್‌ಗೆ ಯುಪಿಎಸ್ ಕೊಟ್ಟರೂ ಟೆರೇಸಿನ ಮೇಲೋ ಮೆಟ್ಟಿಲ ಮೂಲೆಯಲ್ಲೋ ಇರುವ ಕೇಬಲ್‌ನವರ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ, ಬಿಲ್ಡಿಂಗಿನ ಕರೆಂಟ್ ಹೋದೊಡನೆ ಇಂಟರ್ನೆಟ್ಟೂ ಹೋಗುತ್ತದೆ. ಮೊಬೈಲ್ ಟವರುಗಳಿಗೆ ಸಾಮಾನ್ಯವಾಗಿ ಬ್ಯಾಟರಿಯ ಆಸರೆ ಇರುತ್ತದೆ. 2020ರ ಅಕ್ಟೋಬರ್ 12ರಂದು ಮುಂಬೈ ಮತ್ತು ಸುತ್ತಲಿನ ಊರುಗಳ ವಿದ್ಯುತ್ ಗಂಟೆಗಟ್ಟಲೆ ಹೋದಂಥ ದಿನಗಳಲ್ಲಿ ಈ ಆಸರೆಯೇ ಮುಖ್ಯವಾಗುತ್ತದೆ. ಹಾಗೆಂದು ಮೊಬೈಲ್ ಜಾಲವೂ ಎಂದೂ ಕೈಕೊಡದು ಎನ್ನುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮನೆಯವರನ್ನು ಫೋನಿನಲ್ಲಿ ಹುಡುಕಿ ಸೋತವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ವೈಫೈ ಮತ್ತು ಸಿಮ್ ಎರಡನ್ನೂ ಬಳಸುವ, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹಿಡಿಯುವ ಉಪಕರಣ ನಿಮ್ಮ ಬಜೆಟ್ಟಿಗೆ ಹೊಂದುವುದಾದರೆ ಅದನ್ನೇ ಕೊಳ್ಳಿ.

ಯಾವ ಡಯಲರ್, ಯಾವ ಸಿಮ್

ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದ್ದಲ್ಲ, ಜಾಲದ್ದು. ಅಗ್ಗದ ಡಯಲರ್‌ಗಳಲ್ಲಿ ಹಲವು ಇಂದಿಗೂ 2ಜಿ ಮಾತ್ರ ಬಲ್ಲವು. ಏರ್‌ಟೆಲ್ ಮತ್ತು ವಿ (ವೊಡಾಫೋನ್ ಐಡಿಯಾ) ಸಿಮ್ಮುಗಳಲ್ಲಿ ಅವು ಕೆಲಸ ಮಾಡುತ್ತವೆ. ಜಿಯೋಗೆ 2ಜಿ ಜಾಲವೇ ಇಲ್ಲದಿರುವುದರಿಂದ ಅದರ ಸಿಮ್ ಹಾಕಿದರೆ ಉಪಕರಣ ದಿನವಿಡೀ ಟವರ್ ಹುಡುಕುತ್ತಲೇ ಇರುತ್ತದೆ. 4ಜಿ ಎಂದು ಬರೆದಿದ್ದರೂ ಸಾಲದು. ಜಿಯೋದ 4ಜಿ ಜಾಲದಲ್ಲಿ ಕರೆ ಹೋಗುವುದು ವೋಲ್ಟೆ, ಅಂದರೆ ಮಾತನ್ನೂ 4ಜಿಯಲ್ಲೇ ಸಾಗಿಸುವ ಪದ್ಧತಿಯ ಮೂಲಕ ಮಾತ್ರ. ಡಯಲರ್‌ಗೆ ವೋಲ್ಟೆ ಇಲ್ಲದಿದ್ದರೆ ಡೇಟಾ ಹೋದರೂ ಕರೆ ಹೋಗುವುದಿಲ್ಲ. ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಉಪಕರಣವಾದರೆ ಅದು ಹಿಡಿಯುವ ಬ್ಯಾಂಡುಗಳನ್ನು, ಅಂದರೆ ಮೊಬೈಲ್ ತರಂಗಗಳ ಪಟ್ಟಿಗಳನ್ನು, ನೋಡಬೇಕು. ನಮ್ಮಲ್ಲಿ 4ಜಿಗೆ ಹೆಚ್ಚಾಗಿ ಬಳಕೆಯಲ್ಲಿರುವವು 1, 3, 5, 8, 40 ಮತ್ತು 41ನೆಯ ಬ್ಯಾಂಡುಗಳು. ಅಲ್ಲಿಯ 2, 4, 12, 13ನೆಯವು ಮಾತ್ರ ಇರುವ ಉಪಕರಣ ಇಲ್ಲಿ ಮೂಕವಾಗುತ್ತದೆ. ಹಳೆಯ ಜಾಲಕ್ಕೆ ಜೋತುಬೀಳುವುದರ ಫಲ ಏನೆಂದು ಅದೇ ದೇಶದವರು ಕಂಡಿದ್ದಾರೆ. 2022ರ ಫೆಬ್ರವರಿಯಲ್ಲಿ ಎಟಿ ಆ್ಯಂಡ್ ಟಿ ತನ್ನ 3ಜಿ ಜಾಲವನ್ನು ಮುಚ್ಚಿದಾಗ ಅದನ್ನೇ ನಂಬಿದ್ದ ಅಲಾರಂಗಳ ಕಮ್ಯುನಿಕೇಟರುಗಳನ್ನು ಬದಲಿಸದೆ ಗತಿಯಿರಲಿಲ್ಲ. ಹೊಸದಾಗಿ ಕೊಳ್ಳುವವರು ವೋಲ್ಟೆ ಇರುವ, ಬೇಕಾದಾಗ 2ಜಿಗೂ ಇಳಿಯಬಲ್ಲ 4ಜಿ ಡಯಲರನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಯಾವ ಕಂಪನಿಯ ಸಿಮ್ ಎಂಬುದನ್ನು ಜಾಹೀರಾತು ನೋಡಿ ತೀರ್ಮಾನಿಸಬಾರದು. ಪ್ಯಾನೆಲ್ ಕೂರುವ ಗೋಡೆಯೇ ಅದನ್ನು ತೀರ್ಮಾನಿಸಲಿ. ಬಾಲ್ಕನಿಯಲ್ಲಿ ನಾಲ್ಕು ಕಡ್ಡಿ ತೋರಿಸುವ ಫೋನು, ಪ್ಯಾನೆಲ್ ಇಡುವ ಪ್ಯಾಸೇಜಿನ ಒಳಮೂಲೆಯಲ್ಲಿ, ಸುತ್ತ ಕಾಂಕ್ರೀಟು, ಮೇಲೆ ಮಾಳಿಗೆ, ಕಿಟಕಿಗೆ ಕಬ್ಬಿಣದ ಗ್ರಿಲ್ಲು ಇರುವಲ್ಲಿ ಒಂದೇ ಕಡ್ಡಿಗೆ ಇಳಿಯುತ್ತದೆ. ಮನೆಯವರ ಬಳಿಯಿರುವ ಬೇರೆ ಬೇರೆ ಸಿಮ್ಮುಗಳನ್ನು ಒಂದೊಂದಾಗಿ ಆ ಜಾಗದಲ್ಲಿಟ್ಟು, ಜನರೆಲ್ಲ ಮನೆಗೆ ಬಂದು ಫೋನ್ ಹಿಡಿಯುವ ರಾತ್ರಿ ಎಂಟರಿಂದ ಹತ್ತರ ನಡುವೆ ಪರೀಕ್ಷಿಸಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೋರಿಸುವ ಪುಟದಲ್ಲಿ ಸಿಗ್ನಲ್ಲಿನ ಬಲ ಡಿಬಿಎಂ ಎಂಬ ಅಳತೆಯಲ್ಲಿ, ಋಣ ಸಂಖ್ಯೆಯಾಗಿ ಕಾಣುತ್ತದೆ. 4ಜಿಯಲ್ಲಿ ಅದು –100ರ ಒಳಗಿದ್ದರೆ (–90ರ ಹಾಗೆ) ಚಿಂತೆಯಿಲ್ಲ; –110 ದಾಟಿದರೆ (–115ರ ಹಾಗೆ) ಆ ಸಿಮ್ ಅಲ್ಲಿಗೆ ತಕ್ಕುದಲ್ಲ. ಕೆಲವು ಡಯಲರ್‌ಗಳು ಡಿಬಿಎಂ ಬದಲು 0ಯಿಂದ 31ರವರೆಗಿನ ಅಂಕಿಯನ್ನು ತೋರಿಸುತ್ತವೆ. ಆ ಅಂಕಿಯನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ ಸಿಗುತ್ತದೆ; 15 ತೋರಿಸಿದರೆ –83 ಎಂದರ್ಥ, ಅದು ಒಳ್ಳೆಯ ಬಲ. 99 ತೋರಿಸಿದರೆ ಬಲ ಹೆಚ್ಚಾಗಿದೆ ಎಂದು ಸಂತೋಷಪಡಬೇಡಿ. ಉಪಕರಣಕ್ಕೆ ಸಿಗ್ನಲ್ ಅಳೆಯಲಾಗಿಲ್ಲ ಎಂದು ಅದರ ಅರ್ಥ. ಇಪ್ಪತ್ತು ಮೂವತ್ತನೆಯ ಮಹಡಿಯವರಿಗೆ ಇನ್ನೊಂದು ವಿಚಿತ್ರ ಕಾಡುವುದುಂಟು: ಅಷ್ಟು ಎತ್ತರಕ್ಕೆ ಹತ್ತಾರು ಟವರುಗಳು ಒಂದೇ ಬಲದಲ್ಲಿ ಕಾಣುವುದರಿಂದ ಕಡ್ಡಿಗಳು ತುಂಬಿದ್ದರೂ ಕರೆ ನಡುವೆ ಕಡಿದುಹೋಗುತ್ತದೆ. ಅಂಥ ಕಡೆ ಕಡ್ಡಿ ಎಣಿಸದೆ ನಿಜವಾದ ಕರೆ ಮಾಡಿಯೇ ನೋಡಬೇಕು.

ಸಿಮ್ ಮನೆಯವರದೇ ಹೆಸರಿನಲ್ಲಿರಲಿ, ಅಲಾರಂ ಹಾಕಿದ ಹುಡುಗನ ಹೆಸರಿನಲ್ಲಲ್ಲ. ಮೊದಲು ಅದನ್ನು ಸಾಮಾನ್ಯ ಫೋನಿಗೆ ಹಾಕಿ ಪಿನ್ ಲಾಕನ್ನು ತೆಗೆದುಹಾಕಿ, ಒಂದು ಕರೆಯನ್ನೂ ಒಂದು ಎಸ್‌ಎಂಎಸ್ಸನ್ನೂ ಕಳಿಸಿ ನೋಡಿ, ಆಮೇಲೆ ಡಯಲರ್‌ಗೆ ಹಾಕಬೇಕು. ನ್ಯಾನೋ ಸಿಮ್ಮನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂರಿಸಿ ದೊಡ್ಡ ಖಾನೆಗೆ ತುರುಕಿದರೆ ಕೆಲವು ತಿಂಗಳಲ್ಲಿ ಅದು ಜರುಗಿ ಸಂಪರ್ಕ ತಪ್ಪುವುದುಂಟು; ಸಿಮ್ ಪಡೆಯುವಾಗಲೇ ಮೂರೂ ಅಳತೆಗೆ ಮುರಿಯಬಹುದಾದ ಕಾರ್ಡನ್ನು ತೆಗೆದುಕೊಂಡು ಖಾನೆಯ ಅಳತೆಗೆ ಸರಿಯಾಗಿ ಮುರಿದುಕೊಳ್ಳುವುದು ಲೇಸು.

ಇನ್ನು ರೀಚಾರ್ಜು. ಇಲ್ಲಿ ನನ್ನದೇ ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ಡಯಲರ್ ಸಿಮ್ಮಿಗೆ 28 ದಿನಗಳ ಪ್ಯಾಕ್ ಹಾಕಿ, ಅದನ್ನು ಒಂದು ತಿಂಗಳು ಎಂದು ಮನಸ್ಸಿನಲ್ಲಿ ಲೆಕ್ಕ ಹಿಡಿದು, ಮೇ ತಿಂಗಳಲ್ಲಿ ಕುಂದಾಪುರದ ಕಡೆ ಹೋಗಿದ್ದೆವು. ಮನೆಯಿಂದ ಯಾವ ಸಂದೇಶವೂ ಬರಲಿಲ್ಲ. ಎಲ್ಲ ಕ್ಷೇಮವೆಂದುಕೊಂಡು ನೆಮ್ಮದಿಯಾಗಿದ್ದೆವು. ಹಿಂದಿರುಗಿ ಬಾಗಿಲು ತೆರೆದಾಗ ಫ್ರಿಜ್ಜಿನ ವಾಸನೆ ಹಾಲ್‌ವರೆಗೆ ಬಂದಿತ್ತು. ಮೇನ್ ಸ್ವಿಚ್ ಟ್ರಿಪ್ ಆಗಿ, ಪ್ಯಾನೆಲ್ಲಿನ ಬ್ಯಾಟರಿ ಕರಗಿ, ಡಯಲರ್ ‘ಕರೆಂಟ್ ಇಲ್ಲ’ ಎಂದು ಹೇಳಲು ಯತ್ನಿಸಿರಬೇಕು. ಆ ಹೊತ್ತಿಗೆ ಸಿಮ್ಮಿನ ವ್ಯಾಲಿಡಿಟಿ ಮುಗಿದಿತ್ತು. ಕಳ್ಳ ಬರಲಿಲ್ಲ ಎಂಬುದು ಅವನ ಕೃಪೆ, ನನ್ನ ಏರ್ಪಾಟಿನದ್ದಲ್ಲ. 28 ದಿನಗಳ ಪ್ಯಾಕಾದರೆ ವರ್ಷಕ್ಕೆ ಹದಿಮೂರು ಸಲ ಹಾಕಬೇಕು, ಹನ್ನೆರಡಲ್ಲ. ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕುಗಳನ್ನು ಕಂಪನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿ, ಅಂಥ ಪ್ಯಾಕುಗಳ ಅವಧಿಯನ್ನು 365 ದಿನಗಳವರೆಗೆ ವಿಸ್ತರಿಸಲು ಅವಕಾಶ ಕೊಟ್ಟಿದೆ. ಎಸ್‌ಎಂಎಸ್ ಡಯಲರ್‌ಗೆ ವರ್ಷದ ಪ್ಯಾಕೇ ತಕ್ಕುದು. ಆ್ಯಪ್ ಮೂಲಕ ಮಾತನಾಡುವ ಉಪಕರಣಕ್ಕಾದರೆ ಸ್ವಲ್ಪ ಡೇಟಾ ಇರುವ ಪ್ಯಾಕ್ ಬೇಕು. ಪೋಸ್ಟ್‌ಪೇಯ್ಡ್ ಇರುವ ಮನೆಗಳಲ್ಲಿ ಕುಟುಂಬದ ಪ್ಲಾನಿಗೆ ಇದನ್ನೂ ಒಂದು ನಂಬರಾಗಿ ಸೇರಿಸಿಬಿಟ್ಟರೆ ಈ ಚಿಂತೆಯೇ ಇಲ್ಲ. ಯಂತ್ರಗಳಿಗೆಂದೇ ಇರುವ ಹದಿಮೂರು ಅಂಕಿಯ ನಂಬರಿನ ಎಂ2ಎಂ ಸಿಮ್ಮುಗಳೂ ಇವೆ. ಅವು ಮಾನಿಟರಿಂಗ್ ಸೇವೆ ನಡೆಸುವ ಸಂಸ್ಥೆಗಳ ಮೂಲಕ ಬರುವಂಥವು, ಒಂಟಿ ಮನೆಯವರು ಅವನ್ನು ಅರಸಿ ಹೋಗಬೇಕಾಗಿಲ್ಲ.

ಜೋಡಣೆ

ಪ್ಯಾನೆಲ್ ಪೆಟ್ಟಿಗೆಯೊಳಗೆ 230 ವೋಲ್ಟಿನ ತಂತಿ ಬರುತ್ತದೆ. ಆದ್ದರಿಂದ ಮುಚ್ಚಳ ತೆಗೆಯುವ ಮೊದಲು ಅದರ ಮೇನನ್ನು ಆರಿಸಿ, ಆಮೇಲೆ ಬ್ಯಾಟರಿಯ ಕಪ್ಪು ತಂತಿಯನ್ನು ಬಿಡಿಸಬೇಕು. ತಂತಿಗಳ ಅಭ್ಯಾಸವಿಲ್ಲದವರು ಈ ಭಾಗವನ್ನು ಓದಿಕೊಂಡು, ಕೆಲಸವನ್ನು ಮಾತ್ರ ಎಲೆಕ್ಟ್ರಿಷಿಯನ್‌ನಿಂದ ಮಾಡಿಸುವುದು ಕ್ಷೇಮ. ಏನು ಕೇಳಬೇಕೆಂದು ತಿಳಿದಿದ್ದರೆ ಅರ್ಧ ಕೆಲಸ ಆದಂತೆಯೇ.

ಡಯಲರನ್ನು ಪ್ಯಾನೆಲ್ಲಿಗೆ ಸೇರಿಸಲು ಮೂರು ದಾರಿಗಳಿವೆ. ಎಲ್ಲಕ್ಕಿಂತ ಸುಲಭವಾದದ್ದು, ಪ್ಯಾನೆಲ್ಲಿನ ರಿಲೇ (ವಿದ್ಯುತ್ತಿನಿಂದ ತಾನೇ ಬದಲಾಗುವ ಸ್ವಿಚ್ಚು) ಅಥವಾ ಪ್ರೋಗ್ರಾಮ್ ಮಾಡಬಹುದಾದ ಔಟ್‌ಪುಟ್ಟಿನಿಂದ ಎರಡು ತಂತಿಗಳನ್ನು ಡಯಲರಿನ ಇನ್‌ಪುಟ್ಟಿಗೆ ಕೊಡುವುದು. ಅಲಾರಂ ಆದೊಡನೆ ರಿಲೇ ಬದಲಾಗುತ್ತದೆ, ಡಯಲರ್ ಕರೆ ಮಾಡುತ್ತದೆ. ಇದರ ಕೊರತೆಯೆಂದರೆ ‘ಅಲಾರಂ ಆಗಿದೆ’ ಎಂಬುದಷ್ಟೇ ತಿಳಿಯುತ್ತದೆ, ಮುಂಬಾಗಿಲೋ ಅಡುಗೆಮನೆಯ ಕಿಟಕಿಯೋ ತಿಳಿಯುವುದಿಲ್ಲ. ಹಾಗಿದ್ದರೂ ಹೆಚ್ಚಿನ ಫ್ಲ್ಯಾಟುಗಳಿಗೆ ಇಷ್ಟು ಸಾಕು. ಎರಡನೆಯ ಔಟ್‌ಪುಟ್ ಇದ್ದರೆ ಅದನ್ನು ‘ಕರೆಂಟ್ ಹೋಗಿದೆ’ ಎಂಬುದಕ್ಕೆ ಮೀಸಲಿಡಿ.

ಎರಡನೆಯದು, ಪ್ಯಾನೆಲ್ಲಿನಲ್ಲಿ ಲ್ಯಾಂಡ್‌ಲೈನಿಗೆಂದು ಇರುವ ಟಿಪ್ ಮತ್ತು ರಿಂಗ್ ಎಂಬ ಎರಡು ತಿರುಪುಗಳಿಗೆ ಡಯಲರನ್ನು ಜೋಡಿಸುವುದು. ಡಯಲರ್ ಇಲ್ಲಿ ತಾನೇ ಟೆಲಿಫೋನ್ ಲೈನಿನಂತೆ ನಟಿಸುತ್ತದೆ. ಹಳೆಯ ಪ್ಯಾನೆಲ್ ತನಗೆ ಲೈನ್ ಸಿಕ್ಕಿತೆಂದು ನಂಬಿ, ಫೋನಿನ ಗುಂಡಿ ಒತ್ತಿದಾಗ ಕೇಳುವಂಥ ಸ್ವರಗಳಲ್ಲಿ ಕಾಂಟ್ಯಾಕ್ಟ್ ಐಡಿ ಎಂಬ ಪದ್ಧತಿಯ ಅಂಕಿಗಳನ್ನು ಹೇಳುತ್ತದೆ: ಕಳ್ಳತನದ ಅಲಾರಂಗೆ 130, ಕರೆಂಟ್ ಹೋದದ್ದಕ್ಕೆ 301, ಬ್ಯಾಟರಿ ಸೋತದ್ದಕ್ಕೆ 302, ನಿಗದಿತ ಪರೀಕ್ಷಾ ವರದಿಗೆ 602, ಜೊತೆಗೆ ಮನೆಯ ಯಾವ ವಲಯ (ಯಾವ ಬಾಗಿಲು, ಯಾವ ಕಿಟಕಿ) ಎಂಬ ಅಂಕಿ. ಡಯಲರ್ ಈ ಸ್ವರಗಳನ್ನು ಅಲ್ಲಿಯೇ ಓದಿ ಸಂದೇಶವಾಗಿ ಬದಲಿಸಿ ಕಳಿಸಬೇಕು. ಸ್ವರಗಳನ್ನು ಹಾಗೆಯೇ ಮೊಬೈಲ್ ಕರೆಯೊಳಗೆ ದಾಟಿಸುವ ಅಗ್ಗದ ಉಪಕರಣಗಳನ್ನು ನಂಬುವಂತಿಲ್ಲ, ಏಕೆಂದರೆ ಮೊಬೈಲ್ ಜಾಲ ಮನುಷ್ಯನ ಮಾತಿಗೆ ಹೊಂದುವಂತೆ ಧ್ವನಿಯನ್ನು ಹಿಂಡಿ ಕಳಿಸುವಾಗ ಈ ಸ್ವರಗಳು ಕೆಡುತ್ತವೆ. ಮೂರನೆಯದು, ಪ್ಯಾನೆಲ್ ಮತ್ತು ಡಯಲರ್ ಒಂದೇ ಕಂಪನಿಯವಾಗಿದ್ದಾಗ ಕೀಪ್ಯಾಡಿನ ತಂತಿಗಳ ಜೊತೆಯಲ್ಲೇ ಡಯಲರನ್ನು ಸೇರಿಸುವುದು. ಹೊಸದಾಗಿ ಎರಡನ್ನೂ ಕೊಳ್ಳುವವರಿಗೆ ಇದೇ ಉತ್ತಮ.

ವಿದ್ಯುತ್ತಿನ ಲೆಕ್ಕವನ್ನು ಅವಸರದಲ್ಲಿ ಬಿಡಬಾರದು. 2ಜಿಯಲ್ಲಿ ಮಾತನಾಡುವ ಕ್ಷಣದಲ್ಲಿ ಡಯಲರಿನೊಳಗಿನ ಮೊಬೈಲ್ ಭಾಗ 2 ಆಂಪಿಯರ್‌ವರೆಗೆ ಪ್ರವಾಹವನ್ನು ಗುಟುಕು ಗುಟುಕಾಗಿ ಎಳೆಯುತ್ತದೆ. ಕೂದಲೆಳೆಯ ತಂತಿಯಲ್ಲಿ ದೂರದಿಂದ ವಿದ್ಯುತ್ ಕೊಟ್ಟರೆ, ಸುಮ್ಮನಿದ್ದಾಗ ಚೆನ್ನಾಗಿರುವ ಉಪಕರಣ ಕರೆ ಮಾಡಲು ಹೊರಟೊಡನೆ ಸತ್ತು ಮತ್ತೆ ಹುಟ್ಟುತ್ತದೆ. ತಂತಿ ಗಿಡ್ಡವಾಗಿ, ದಪ್ಪವಾಗಿ ಇರಲಿ. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆಂದು ಕೂಡಿಸಿ ನೋಡಿ: ಕೀಪ್ಯಾಡ್ ಸಹಿತ ಪ್ಯಾನೆಲ್ಲಿಗೆ 120, ನಾಲ್ಕು ಸೆನ್ಸರುಗಳಿಗೆ 60, ಸುಮ್ಮನಿರುವ ಡಯಲರಿಗೆ 60, ಹೀಗೆ ಒಟ್ಟು 240 ಮಿಲಿಆಂಪಿಯರ್ ಬೇಕಾದಲ್ಲಿ, 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 29 ಗಂಟೆ ಬರುತ್ತದೆ, ನಿಜದಲ್ಲಿ ಒಂದು ದಿನಕ್ಕಿಂತ ತುಸು ಕಡಿಮೆ. ಮೂರು ಬೇಸಿಗೆ ಕಂಡ ಬ್ಯಾಟರಿಯಲ್ಲಿ ಅದರ ಅರ್ಧವೂ ಉಳಿಯದಿರಬಹುದು. ಹೊಸ ಬ್ಯಾಟರಿ ಹಾಕಿದ ದಿನವೇ ಅದರ ಮೈಮೇಲೆ ಮಾರ್ಕರಿನಿಂದ ತಾರೀಖು ಬರೆಯಿರಿ.

ಆ್ಯಂಟೆನಾವನ್ನು ಪ್ಯಾನೆಲ್ಲಿನ ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿಡಬಾರದು. ತಂತಿಯ ಆ್ಯಂಟೆನಾವನ್ನು ಹೊರಗೆ ತಂದು, ಕಿಟಕಿಯ ಗ್ರಿಲ್ಲಿಗೆ ತಗುಲದಂತೆ, ನೆಟ್ಟಗೆ ನಿಲ್ಲಿಸಬೇಕು. ಉಳಿದ ತಂತಿಯನ್ನು ಸುರುಳಿ ಸುತ್ತಿಡುವ ಬದಲು ಗಿಡ್ಡ ತಂತಿಯದ್ದನ್ನೇ ಕೊಳ್ಳುವುದು ಮೇಲು. ಸೆನ್ಸರ್ ತಂತಿಗಳಿಂದಲೂ ಡೋರ್‌ಫೋನಿನಿಂದಲೂ ಅದು ದೂರವಿರಲಿ. ಮೊಬೈಲಿಗೆ ಕರೆ ಬರುವ ಮೊದಲು ಪಕ್ಕದ ಹಳೆಯ ರೇಡಿಯೋದಲ್ಲಿ ಕೇಳುತ್ತಿದ್ದ ಆ ‘ಟರ್ ಟರ್’ ಸದ್ದು ನೆನಪಿದ್ದವರಿಗೆ ಕಾರಣ ಹೇಳಬೇಕಾಗಿಲ್ಲ.

ನಂಬರುಗಳು ಮತ್ತು ಸಂದೇಶ

ಮೊದಲ ನಂಬರು ನಿಮ್ಮದಾಗಿರಲಿ, ಆದರೆ ಅದೊಂದೇ ಆಗಿರಬಾರದು. ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮತ್ಸ್ಯಗಂಧಾ ಹತ್ತಿ ಹೊರಟವರ ಫೋನು ಕೊಂಕಣ ರೈಲ್ವೆಯ ಸುರಂಗಗಳಲ್ಲಿ ಮತ್ತೆ ಮತ್ತೆ ಜಾಲದ ಹೊರಗೆ ಹೋಗುತ್ತದೆ. ರತ್ನಾಗಿರಿಯ ಬಳಿಯ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. ಎರಡನೆಯದಾಗಿ ಬೀಗದ ಕೈ ಕೊಟ್ಟು ಹೋಗುವ ಪಕ್ಕದ ಮನೆಯ ಕಾಕೂ ಅವರ ನಂಬರು, ಮೂರನೆಯದಾಗಿ ಮನೆಯಿರುವ ಊರಿನಲ್ಲೇ ಇರುವ ನೆಂಟರದ್ದು, ಕೊನೆಗೆ ಸೊಸೈಟಿಯ ವಾಚ್‌ಮನ್ ಕ್ಯಾಬಿನ್ನಿನ ಫೋನು. ಪೊಲೀಸರ 112ನ್ನು ಡಯಲರಿಗೆ ತುಂಬಲೇಬಾರದು. ಹಲ್ಲಿಯೊಂದು ಸೆನ್ಸರಿನ ಮೇಲೆ ಹರಿದರೂ ಯಂತ್ರ ಕರೆ ಮಾಡುತ್ತದೆ. ತುರ್ತಿನ ಲೈನನ್ನು ಹಾಗೆ ಹಿಡಿದಿಡುವುದು ತಪ್ಪು. ಕರೆ ತೆಗೆದವರು ಗುಂಡಿಯೊಂದನ್ನು ಒತ್ತಿದ ಹೊರತು ಮುಂದಿನ ನಂಬರಿಗೆ ಹೋಗುತ್ತಲೇ ಇರುವ ಸೌಲಭ್ಯ ನಿಮ್ಮ ಡಯಲರಿನಲ್ಲಿದ್ದರೆ ಅದನ್ನು ಚಾಲೂ ಮಾಡಿ, ಕಾಕೂ ಅವರಿಗೂ ಯಾವ ಗುಂಡಿ ಎಂದು ಹೇಳಿಕೊಡಿ.

ಡಯಲರಿನ ನಂಬರನ್ನು ಎಲ್ಲರ ಫೋನಿನಲ್ಲೂ ‘ಮನೆ ಅಲಾರಂ’ ಎಂದು ಉಳಿಸಿಡಬೇಕು. ಇಲ್ಲವಾದರೆ ಅಪರಿಚಿತ ನಂಬರುಗಳನ್ನು ತಡೆಯುವ ಆ್ಯಪು ನಡುರಾತ್ರಿಯ ಕರೆಯನ್ನು ಸದ್ದಿಲ್ಲದೆ ನುಂಗುತ್ತದೆ. ಫೋನ್ ಸೈಲೆಂಟ್ ಇದ್ದರೂ ಈ ಒಂದು ನಂಬರಿಗೆ ರಿಂಗ್ ಆಗುವಂತೆ ವಿನಾಯಿತಿ ಕೊಟ್ಟಿಡಿ. ಸಂದೇಶದ ಪದಗಳು ಗಿಡ್ಡವಾಗಿರಲಿ. ಒಂದು ಎಸ್‌ಎಂಎಸ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳಾದರೆ 160 ಹಿಡಿಯುತ್ತವೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತಕ್ಷರ, ಕೊಂಬು, ದೀರ್ಘಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಹಲವು ಡಯಲರುಗಳು ಕನ್ನಡವನ್ನು ಸ್ವೀಕರಿಸುವುದೇ ಇಲ್ಲ. ನೆರೆಯವರು ಮರಾಠಿಯವರಾದರೆ ಇಂಗ್ಲಿಷ್ ಅಕ್ಷರಗಳಲ್ಲೇ ‘ಕಿಚನ್ ವಿಂಡೋ’ ಎಂದಷ್ಟು ಬರೆದರೂ ಸಾಕು.

ಕಾರ್ಖಾನೆಯಿಂದ ಬಂದ 1234 ಎಂಬ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಡಯಲರ್ ತನಗೆ ಬರುವ ಆದೇಶಗಳನ್ನು ನಿಮ್ಮ ನಂಬರಿನಿಂದ ಮಾತ್ರ ಸ್ವೀಕರಿಸುವಂತೆ ಮಾಡಿದರೂ, ಕರೆಯ ನಂಬರನ್ನು ನಕಲು ಮಾಡಬಹುದಾದ ಕಾರಣ ಪಾಸ್‌ವರ್ಡನ್ನು ಬಿಡಬೇಡಿ. ಎಸ್‌ಎಂಎಸ್ ಮೂಲಕ ಅಲಾರಂ ಆರಿಸುವ ಸೌಲಭ್ಯ ನಿಮಗೆ ನಿಜವಾಗಿ ಬೇಕೇ ಎಂದು ಯೋಚಿಸಿ, ನಾನು ಮುಚ್ಚಿಟ್ಟಿದ್ದೇನೆ.

ಪರೀಕ್ಷೆ

ಫ್ರಿಜ್ಜಿನ ಪ್ರಸಂಗದ ನಂತರ ನಾನು ಬದಲಿಸಿದ್ದು ಉಪಕರಣವನ್ನಲ್ಲ, ಒಂದು ಸೆಟ್ಟಿಂಗನ್ನು. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಡಯಲರ್ ‘ಸರಿ ಇದೆ’ ಎಂಬ ಒಂದು ಸಂದೇಶ ಕಳಿಸುತ್ತದೆ. ಬಂದ ಸಂದೇಶವನ್ನು ನಾನು ಓದುವುದೂ ಇಲ್ಲ. ಬಾರದಿದ್ದ ದಿನ ಮಾತ್ರ ಒಂಬತ್ತರೊಳಗೆ ಪಕ್ಕದ ಮನೆಗೆ ಫೋನ್ ಮಾಡುತ್ತೇನೆ. ರೀಚಾರ್ಜ್ ಮುಗಿದಿರಲಿ, ಬ್ಯಾಟರಿ ಸತ್ತಿರಲಿ, ಟವರ್ ಕೆಟ್ಟಿರಲಿ, ಯಾರಾದರೂ ಸಿಗ್ನಲ್ ತಡೆಯುವ ಜಾಮರ್ ಹಿಡಿದು ಬಂದಿರಲಿ, ಈ ಎಲ್ಲ ಸಂದರ್ಭಗಳಲ್ಲೂ ಡಯಲರ್ ಏನನ್ನೂ ಹೇಳಲಾರದು. ಅದು ಹೇಳಲಾಗದೆ ಹೋದದ್ದನ್ನು ನಮಗೆ ತಿಳಿಸುವುದು ಈ ಬೆಳಗಿನ ಸಂದೇಶದ ಗೈರುಹಾಜರಿಯೊಂದೇ. ಆ್ಯಪ್ ಬಳಸುವ ಉಪಕರಣಗಳಲ್ಲಿ ಸರ್ವರ್ ನಿಮಿಷಗಳಿಗೊಮ್ಮೆ ಡಯಲರನ್ನು ವಿಚಾರಿಸಿ, ಉತ್ತರ ಬಾರದಿದ್ದರೆ ‘ಆಫ್‌ಲೈನ್’ ಎಂದು ತಿಳಿಸುತ್ತದೆ; ಆ ಸೂಚನೆ ಫೋನಿನಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಊರಿಗೆ ಹೊರಡುವ ಒಂದು ವಾರ ಮೊದಲು ಪೂರ್ಣ ಪರೀಕ್ಷೆ ಮಾಡಬೇಕು, ಹೊರಡುವ ದಿನವಲ್ಲ. ಕೆಟ್ಟಿದ್ದನ್ನು ಸರಿಪಡಿಸಲು ಸಮಯ ಬೇಕು. ನೆರೆಯವರಿಗೂ ವಾಚ್‌ಮನ್‌ಗೂ ಮೊದಲೇ ತಿಳಿಸಿ, ರೌಟರ್ ಆರಿಸಿ, ಪ್ಯಾನೆಲ್ಲಿನ ಮೇನನ್ನೂ ಆರಿಸಿ, ಬ್ಯಾಟರಿಯ ಮೇಲೇ ನಾಲ್ಕು ಗಂಟೆ ಬಿಟ್ಟು, ಆಮೇಲೆ ಅಲಾರಂ ಹೂಡಿ ಬಾಗಿಲು ತೆರೆಯಬೇಕು. ಸೈರನ್ ಕೂಗುತ್ತಿರುವಾಗಲೇ ಕರೆಯೂ ಹೋಗಬೇಕು, ಏಕೆಂದರೆ ದುರ್ಬಲ ಬ್ಯಾಟರಿ ಎರಡನ್ನೂ ಒಟ್ಟಿಗೆ ಹೊರಲಾರದೆ ಬೀಳುವುದು ಇಲ್ಲಿಯೇ. ಬಾಗಿಲು ತೆರೆದ ಕ್ಷಣದಿಂದ ಮೊದಲ ಫೋನ್ ರಿಂಗ್ ಆಗುವವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಗೋಡೆಯ ಗಡಿಯಾರ ನೋಡಿ ಬರೆದಿಡಿ; ಮುಂದಿನ ಸಲ ಅದು ಎರಡು ಪಟ್ಟಾದರೆ ಸಿಗ್ನಲ್ ಕ್ಷೀಣಿಸಿದೆ ಎಂದು ತಿಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಪೆಟ್ಟಿಗೆ ತೆರೆದು ತಿರುಪುಗಳ ಮೇಲೆ ಹಸಿರು ಕಿಲುಬು ಕಟ್ಟಿದೆಯೇ ನೋಡಬೇಕು. ಸಮುದ್ರದ ಗಾಳಿ ತಾಮ್ರವನ್ನು ಬಿಡುವುದಿಲ್ಲ.

ಕೊನೆಗೆ ಕರೆ ನಿಜವಾಗಿ ಬಂದಾಗಿನ ಮಾತು. ಉಡುಪಿಯಲ್ಲೋ ಧಾರವಾಡದಲ್ಲೋ ಕುಳಿತು ನೀವು 112 ಒತ್ತಿದರೆ ಅದು ಕರ್ನಾಟಕದ ನಿಯಂತ್ರಣ ಕೊಠಡಿಗೆ ಹೋಗುತ್ತದೆ, ಮಹಾರಾಷ್ಟ್ರದ್ದಕ್ಕಲ್ಲ. ಆದ್ದರಿಂದ ನಿಮ್ಮ ಮನೆ ಯಾವ ಪೊಲೀಸ್ ಠಾಣೆಯ ಹದ್ದಿಗೆ ಬರುತ್ತದೆಂದು ಮೊದಲೇ ವಿಚಾರಿಸಿ, ಆ ಠಾಣೆಯ ಲ್ಯಾಂಡ್‌ಲೈನ್ ನಂಬರನ್ನು ಎಸ್‌ಟಿಡಿ ಕೋಡ್ ಸಹಿತ ಉಳಿಸಿಡಬೇಕು: ಮುಂಬೈಗೆ 022, ಕಲ್ಯಾಣ–ಡೊಂಬಿವಲಿಗೆ 0251, ಪುಣೆಗೆ 020. ಮೊದಲು ಪಕ್ಕದ ಮನೆಗೆ ಫೋನ್ ಮಾಡಿ, ಒಳಗೆ ಹೋಗದೆ ಹೊರಗಿನಿಂದಲೇ ಬೀಗ ನೋಡುವಂತೆ ಕೇಳಿಕೊಳ್ಳಿ. ಬೀಗ ಒಡೆದಿದ್ದರೆ 112ಕ್ಕೆ ಕರೆ ಮಾಡಬೇಕಾದವರು ಅಲ್ಲಿ ನಿಂತಿರುವ ಅವರು. ಠಾಣೆಗೆ ಫೋನ್ ಮಾಡಿ ವಿಳಾಸ, ಮಹಡಿ, ಫ್ಲ್ಯಾಟ್ ನಂಬರು ಹೇಳಬೇಕಾದವರು ನೀವು.